ತುಳಸಿಯ ಆಂಟಿಆಕ್ಸಿಡೆಂಟ್ ಗುಣ: ನೇರಳೆ ಬಣ್ಣ ಇಳಿಯುವ ಲೆಕ್ಕ

ತುಳಸಿಯ ಆಂಟಿಆಕ್ಸಿಡೆಂಟ್ ಗುಣವನ್ನು ವಿವರಿಸಿ ಎಂದು ಕೇಳಿದಾಗ ‘ತುಳಸಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ’ ಎಂದಷ್ಟೇ ಬರೆದರೆ ಉತ್ತರವಾಗದು. ಯಾವ ಅಣು, ಏನು ಮಾಡುತ್ತದೆ, ಅಳೆದದ್ದು ಹೇಗೆ? ಅದು ಬೇಕು. (ಹಳೆಯ ಪುಸ್ತಕಗಳ ಆಸಿಮಮ್ ಸ್ಯಾಂಕ್ಟಮ್, ಈಗಿನ ಆಸಿಮಮ್ ಟೆನ್ಯುಯಿಫ್ಲೋರಮ್ ಎರಡೂ ತುಳಸಿಯದೇ ವೈಜ್ಞಾನಿಕ ಹೆಸರು, ಗಾಬರಿ ಬೇಡ.)

ಮುಕ್ತ ರ‍್ಯಾಡಿಕಲ್‌ನಲ್ಲಿ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಜೋಡಿಗಾಗಿ ಪಕ್ಕದ ಅಣುವಿಗೆ ಕೈ ಹಾಕುತ್ತದೆ, ಆಗ ಅದೂ ರ‍್ಯಾಡಿಕಲ್ ಆಗುತ್ತದೆ. ಈ ಸರಪಳಿಯನ್ನು ಕಡಿಯುವುದೇ ಆಂಟಿಆಕ್ಸಿಡೆಂಟ್ ಕೆಲಸ; ಇಲ್ಲಿ ಅದನ್ನು ಮಾಡುವುದು ಫೀನಾಲ್, ಅಂದರೆ ಬೆಂಜೀನ್ ಉಂಗುರಕ್ಕೆ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪು ಅಂಟಿರುವ ಅಣು. ತನ್ನ ಓಎಚ್ ಗುಂಪಿನ ಹೈಡ್ರೋಜನ್ ಬಿಟ್ಟುಕೊಟ್ಟು ತಾನೂ ರ‍್ಯಾಡಿಕಲ್ ಆಗುತ್ತದೆ, ನಿಜ. ಆದರೆ ಆ ಒಂಟಿ ಎಲೆಕ್ಟ್ರಾನ್ ಉಂಗುರದ ತುಂಬ ಹರಡಿಕೊಳ್ಳುವುದರಿಂದ ಬೇರೆ ಅಣುವಿನ ತಂಟೆಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ತುಳಸಿಯ ಯೂಜಿನಾಲ್‌ಗೆ (ಲವಂಗದ ಘಮವೂ ಇದರದ್ದೇ) ಇಂಥ ಓಎಚ್ ಒಂದೇ. ರೋಸ್ಮರಿನಿಕ್ ಆಮ್ಲಕ್ಕೆ ನಾಲ್ಕು. ಅರ್ಸೋಲಿಕ್ ಆಮ್ಲದ ಹೆಸರು ದೊಡ್ಡದು, ಆದರೆ ಅದರಲ್ಲಿ ಫೀನಾಲ್ ಗುಂಪೇ ಇಲ್ಲ. ಮುಂದೆ ಹೇಳುವ ಪರೀಕ್ಷೆಯಲ್ಲಿ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಆ ಪರೀಕ್ಷೆಯೇ ಡಿಪಿಪಿಎಚ್ (ಅದರಲ್ಲಿ ಬಳಸುವ ರಾಸಾಯನಿಕದ ಹೆಸರೂ ಇದೇ), 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ್ದು. ಡಿಪಿಪಿಎಚ್ ಸ್ವತಃ ರ‍್ಯಾಡಿಕಲ್, ಆದರೆ ಬಾಟಲಿಯಲ್ಲಿ ಸುಮ್ಮನೆ ಕೂರುವಷ್ಟು ಸ್ಥಿರ. ಮೆಥನಾಲ್‌ನಲ್ಲಿ ಕರಗಿಸಿದರೆ ಗಾಢ ನೇರಳೆ; ಹೈಡ್ರೋಜನ್ ಸಿಕ್ಕ ಕೂಡಲೇ ಹಳದಿಗೆ ತಿರುಗುತ್ತದೆ. 100 ಮಿಲೀಗೆ ಸುಮಾರು 4 ಮಿಗ್ರಾಂ ಹಾಕಿದರೆ 0.1 ಮಿಲಿಮೋಲಾರ್ ದ್ರಾವಣ ಸಿದ್ಧ. ಬೆಳಕಿಗೆ ಕೆಡುವುದರಿಂದ ಫಾಯಿಲ್ ಸುತ್ತಿಡಿ. ತುಳಸಿ ಸಾರ ಬೆರೆಸಿ, ಕತ್ತಲಲ್ಲಿ 30 ನಿಮಿಷ ಬಿಟ್ಟು, 517 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರಿತು ಎಂಬ ಅಳತೆ) ನೋಡಿ.

ಸಾರವಿಲ್ಲದ ಕಂಟ್ರೋಲ್ 0.80, ಸಾರ ಬೆರೆಸಿದ್ದು 0.32 ಬಂತೆನ್ನೋಣ. ವ್ಯತ್ಯಾಸ 0.48, ಅದನ್ನು 0.80ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 60 ತಡೆ, ಅಂದರೆ ಡಿಪಿಪಿಎಚ್‌ನ ಅಷ್ಟು ಪಾಲು ತಣಿದಿದೆ. ಹೀಗೆ ಬೇರೆ ಬೇರೆ ಸಾಂದ್ರತೆಗೆ ಗ್ರಾಫ್ ಎಳೆದು, ಶೇ. 50 ತಡೆಗೆ ಬೇಕಾದ ಸಾಂದ್ರತೆ ಓದಿದರೆ ಅದೇ ಐಸಿ50. ನಾನು ಎಡವಿದ್ದು ಇಲ್ಲೇ: ದೊಡ್ಡ ಸಂಖ್ಯೆ ಕಂಡರೆ ಶಕ್ತಿ ಹೆಚ್ಚು ಎಂದುಕೊಂಡಿದ್ದೆ. ಉಲ್ಟಾ. ಕಡಿಮೆ ಸಾಕಾದರೆ ಸಾರ ಬಲವಾಗಿದೆ ಎಂದರ್ಥ. ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಇಟ್ಟುಕೊಳ್ಳಿ.

ಇನ್ನೊಂದು ಕಿರಿಕಿರಿ, ಎಲೆಯ ಸಾರಕ್ಕೇ ಬಣ್ಣವಿರುವುದು. ಅದೂ ಒಂದಿಷ್ಟು ಬೆಳಕು ಹೀರಿ ತಡೆಯ ಶೇಕಡಾವನ್ನು ಇಳಿಸಿಬಿಡುತ್ತದೆ. ಡಿಪಿಪಿಎಚ್ ಇಲ್ಲದೆ ಸಾರ ಮತ್ತು ಮೆಥನಾಲ್ ಮಾತ್ರ ಇರುವ ಬ್ಲಾಂಕ್ ಓದಿ, ಅದನ್ನು ಸಾರ ಬೆರೆಸಿದ್ದರ ಅಳತೆಯಿಂದ ಕಳೆಯಬೇಕು. ಬಹಳ ಜನ ಇದನ್ನು ಬಿಟ್ಟು, ಆಮೇಲೆ ಗಿಡವನ್ನು ಬೈಯುತ್ತಾರೆ.

ಇಷ್ಟಾದರೂ ಇದು ಟ್ಯೂಬಿನ ಮಾತು. ಮೆಥನಾಲ್‌ನಲ್ಲಿ ಕೆಲಸ ಮಾಡಿದ ಪಾಲಿಫೀನಾಲ್ (ಹಲವು ಫೀನಾಲ್ ಗುಂಪುಗಳಿರುವ ಅಣು) ಕರುಳಿನಿಂದ ರಕ್ತಕ್ಕೆ ಸೇರುವುದು ಸ್ವಲ್ಪವೇ. ಸೇರಿದ್ದನ್ನೂ ಯಕೃತ್ತು ಬೇರೆ ರೂಪಕ್ಕೆ ತಿರುಗಿಸಿರುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಇಂಥದ್ದೇ ಪ್ರಯೋಗಾಲಯದ ಪರೀಕ್ಷೆಯಿಂದ ಅಳೆದು ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಿಗಳಿಗೂ ದೇಹದ ಆರೋಗ್ಯಕ್ಕೂ ತಾಳೆಯಾಗದೆ 2012ರಲ್ಲಿ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.