ಆಯುಧಪೂಜೆಗೆ ಥಿಯೋಡೊಲೈಟ್ ತಿಕ್ಕಬೇಡಿ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಸರ್ವೆ ಲ್ಯಾಬಿಗೆ ಹೋಗಿದ್ದೆ. ಆಯುಧಪೂಜೆ ಆಗಿ ಒಂದು ವಾರ ಕಳೆದಿತ್ತು. ಮೇಜಿನ ಮೇಲೆ ಹಳೇ ಹಿತ್ತಾಳೆ ಥಿಯೋಡೊಲೈಟ್ (ದುರ್ಬೀನಿನಿಂದ ಗುರಿ ಹಿಡಿದು ಕೋನ ಅಳೆಯುವ ಸರ್ವೆ ಉಪಕರಣ) ಒಂದು ಫಳಫಳ ಹೊಳೆಯುತ್ತಿತ್ತು, ಅದರ ಕಾಲ ಬಳಿ ಒಣಗಿದ ಸೇವಂತಿಗೆ. "ಹುಣಸೆಹಣ್ಣು ಹಚ್ಚಿ ತಿಕ್ಕಿದೀವಿ ಸಾರ್, ನೋಡಿ ಹೆಂಗಿದೆ" ಅಂದರು ಅಲ್ಲಿನ ಅಟೆಂಡರ್. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ನಾನು ಬಗ್ಗಿ ಅಳತೆಯ ವೃತ್ತವನ್ನು ನೋಡಿದೆ. ಡಿಗ್ರಿಯ ಉದ್ದ ಗೆರೆಗಳು ಇದ್ದವು. ನಡುವಿನ ಸಣ್ಣ ಗೆರೆಗಳು ಒಂದು ಪಕ್ಕದಲ್ಲಿ ಪೂರ್ತಿ ಮಾಸಿಹೋಗಿದ್ದವು.

ಹೊಟ್ಟೆ ಚುರುಕ್ ಅಂತು. ಯಾಕೆಂದರೆ ಆ ಉಪಕರಣದಲ್ಲಿ ಹಿತ್ತಾಳೆಗೆ ದೊಡ್ಡ ಬೆಲೆ ಇಲ್ಲ. ಬೆಲೆ ಇರುವುದೆಲ್ಲ ಆ ಗೆರೆಗಳಲ್ಲಿ.

ಒಂದು ವೃತ್ತವನ್ನು ಸಮನಾಗಿ ಸಾವಿರಾರು ಭಾಗ ಮಾಡುವುದು ಎಷ್ಟು ಕಷ್ಟ ಅಂತ ಸುಮ್ನೆ ಯೋಚಿಸಿ. ಹದಿನೆಂಟನೇ ಶತಮಾನದವರೆಗೆ ಇದನ್ನು ಕೈಯಲ್ಲೇ, ಕೈವಾರ ಹಿಡಿದು ಮಾಡುತ್ತಿದ್ದರು. ಲಂಡನ್ನಿನ ಜೆಸ್ಸಿ ರಾಮ್ಸ್‌ಡನ್ 1770ರ ದಶಕದಲ್ಲಿ ಇದಕ್ಕೆಂದೇ ಒಂದು ಯಂತ್ರ ಕಟ್ಟಿದ. 45 ಇಂಚಿನ ಚಕ್ರ, ಅದರ ಅಂಚಿನಲ್ಲಿ 2160 ಹಲ್ಲು. ಅಂದರೆ ಒಂದು ಡಿಗ್ರಿಗೆ ಆರು ಹಲ್ಲು. ಅದಕ್ಕೆ ಕಚ್ಚಿಕೊಂಡ ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಚಕ್ರ 10 ಮಿನಿಟ್ ಕೋನದಷ್ಟು ಸರಿಯುತ್ತದೆ (ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟ್‌ಗೆ 60 ಸೆಕೆಂಡ್). ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಗೆರೆ ಎಳೆಯುತ್ತಾ ಹೋದರೆ ಆಯಿತು. ಸಮುದ್ರದಲ್ಲಿ ಹಡಗಿನ ರೇಖಾಂಶ ಕಂಡುಹಿಡಿಯುವ ಕೆಲಸಕ್ಕೆ ಹಣ ಕೊಡುತ್ತಿದ್ದ ಬ್ರಿಟನ್ನಿನ ರೇಖಾಂಶ ಮಂಡಳಿ ಅವನಿಗೆ 615 ಪೌಂಡ್ ಕೊಟ್ಟಿತು, ಆದರೆ ಒಂದು ಷರತ್ತಿನ ಮೇಲೆ: ಯಂತ್ರದ ಗುಟ್ಟನ್ನು ಬೇರೆ ಕುಶಲಕರ್ಮಿಗಳಿಗೂ ಹೇಳಿಕೊಡಬೇಕು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ರಾಮ್ಸ್‌ಡನ್ ಮಾಡಿದ ಇನ್ನೊಂದು ವಸ್ತು ನಮ್ಮ ಬೆಂಗಳೂರಿಗೇ ಬಂದಿತ್ತು. 100 ಅಡಿ ಉದ್ದದ ಉಕ್ಕಿನ ಸರಪಳಿ, ಎರಡೂವರೆ ಅಡಿಯ 40 ಕೊಂಡಿಗಳದ್ದು. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿಯ ತಂಡದ ಜೊತೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದು ಅದು. ಅಲ್ಲಿ ಬೇಡ ಅಂದರು. ತಂಡದಲ್ಲಿದ್ದ ಡಿನ್‌ವಿಡಿ ಎಂಬ ವಿಜ್ಞಾನದ ಮೇಷ್ಟ್ರ ಜೊತೆ ಕಲ್ಕತ್ತಕ್ಕೆ ಬಂತು, ಅಲ್ಲಿ ಮಾರಾಟವಾಯಿತು. ಕೊನೆಗೆ ಸೇರಿದ್ದು ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಕೈಗೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು, ಆಮೇಲೆ ಇಡೀ ದಕ್ಷಿಣ ಭಾರತವನ್ನು ತ್ರಿಕೋನ ಹೆಣೆದು ಅಳೆಯಲು ಹೊರಟವನು (ಒಂದು ಗೆರೆಯ ಉದ್ದವನ್ನು ಸರಪಳಿಯಿಂದ ಅಳೆದರೆ, ಉಳಿದ ಬದಿಗಳನ್ನು ಕೋನಗಳಿಂದಲೇ ಲೆಕ್ಕ ಹಾಕಬಹುದು). 1800ರಲ್ಲಿ ಅವನು ಮೊದಲು ಅಳತೆಯ ಅಭ್ಯಾಸ ಮಾಡಿದ್ದೇ ಬೆಂಗಳೂರಿನ ಬಯಲಿನಲ್ಲಿ.

ಸರಪಳಿ ಅಂದರೆ ಹೊಲದಲ್ಲಿ ದರದರ ಎಳೆಯುವುದು ಅಂದುಕೊಳ್ಳಬೇಡಿ. (ಆ ಸರಪಳಿಯೂ ನಮಗೆ ಗೊತ್ತಿರುವುದೇ. 33 ಅಡಿ, 16 ಆಣೆ. ಒಂದು ಸರಪಳಿ ಅಗಲ, ಒಂದು ಸರಪಳಿ ಉದ್ದ ಅಂದರೆ ಒಂದು ಗುಂಟೆ.) ಲ್ಯಾಂಬ್ಟನ್ ಇದನ್ನು ಮರದ ದೋಣಿಯಂಥ ಪೆಟ್ಟಿಗೆಗಳಲ್ಲಿ ಮಲಗಿಸಿ, ತುದಿಗೆ ತೂಕ ಕಟ್ಟಿ ಬಿಗಿದು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆದ. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ವಾ, ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಸರಪಳಿ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. 1802ರಲ್ಲಿ ಮದ್ರಾಸಿನ ಪರಂಗಿಮಲೆ ಹತ್ತಿರ ಏಳೂವರೆ ಮೈಲಿ ಅಳೆಯಲು 57 ದಿನ ಹಿಡಿಯಿತು. ಅಲ್ಲಿಂದ ತ್ರಿಕೋನ ಹೆಣೆಯುತ್ತಾ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿನ ಗೆರೆಯನ್ನು ಮತ್ತೆ ಸರಪಳಿಯಿಂದ ಅಳೆದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ!

ಆ ತ್ರಿಕೋನಗಳ ಕೋನ ಅಳೆದದ್ದು ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ ದೊಡ್ಡ ಥಿಯೋಡೊಲೈಟ್. 36 ಇಂಚಿನ ವೃತ್ತ, ಸುಮಾರು ಅರ್ಧ ಟನ್ ತೂಕ. ಭಾರತಕ್ಕೆ ಬರುವ ದಾರಿಯಲ್ಲಿ ಅದು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತ್ತು. ಪೆಟ್ಟಿಗೆಯಲ್ಲಿ ಇರುವುದು ಏನು ಅಂತ ಗೊತ್ತಾದ ಮೇಲೆ ಅಲ್ಲಿನ ಗವರ್ನರ್ ಒಂದು ಗೌರವದ ಪತ್ರ ಬರೆದು ಮದ್ರಾಸಿಗೆ ಕಳಿಸಿಕೊಟ್ಟ. ಶತ್ರು ದೇಶದ ಸಾಮಾನು ಅದು. ಈ ಸಂಗತಿ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆ ವೃತ್ತದ ಅಂಚಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 8 ಮಿಲಿಮೀಟರ್. ಒಂದು ಸೆಕೆಂಡ್ ಕೋನ ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಭಾಗ ಅಷ್ಟೇ, ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಹಾಗಾಗಿ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ಓದಬೇಕಿತ್ತು. ಅಲ್ಲಿ ಒಂದು ಸೆಕೆಂಡ್ ತಪ್ಪಿದರೆ 50 ಕಿಲೋಮೀಟರ್ ಆಚೆಯ ಗುಡ್ಡ ಲೆಕ್ಕದಲ್ಲಿ ಒಂದು ಗೇಣು ಆಚೀಚೆ ಹೋಗುತ್ತದೆ.

ಇಂಥ ಉಪಕರಣವನ್ನು 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುತ್ತಿದ್ದಾಗ ಹಗ್ಗ ತುಂಡಾಯಿತು. ಥಿಯೋಡೊಲೈಟ್ ತೂಗಾಡಿ ಹೋಗಿ ಗೋಪುರದ ಗೋಡೆಗೆ ಬಡಿಯಿತು. ವೃತ್ತ ಸೊಟ್ಟಗಾಯಿತು. ಇಂಗ್ಲೆಂಡಿನಿಂದ ಹೊಸದು ಬರಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಲ್ಯಾಂಬ್ಟನ್ ತಿರುಚಿರಾಪಳ್ಳಿಗೆ ಹೋಗಿ, ಅದನ್ನು ಪೂರ್ತಿ ಬಿಚ್ಚಿ, ಚಪ್ಪಟೆ ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತ ಬರೆದು, ಬೆಣೆ, ತಿರುಪು, ರಾಟೆಗಳಿಂದ ಸೊಟ್ಟಗಾದ ಅಂಚನ್ನು ಕೂದಲೆಳೆಯಷ್ಟಷ್ಟೇ ಎಳೆಯುತ್ತಾ ಆರು ವಾರ ಕೂತ. ಕೊನೆಗೆ ಅದು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ಬಂತು. ಆಮೇಲೂ ವರ್ಷಾನುಗಟ್ಟಲೆ ಕೆಲಸ ಮಾಡಿತು. ಲ್ಯಾಂಬ್ಟನ್ ನಂತರ ಸರ್ವೆಯ ಮುಖ್ಯಸ್ಥನಾದ ಜಾರ್ಜ್ ಎವರೆಸ್ಟ್ ಕಾಲದಲ್ಲಿ ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ಆ ಕಾಲದ ರಿಪೇರಿ ಕೆಲಸದ ಮಾತು ಬಂದಾಗ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಅವರನ್ನು ನೆನೆಯಲೇಬೇಕು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಯಾರಕ ಬ್ಯಾರೋ ಹೋದ ಮೇಲೆ ಸರ್ವೆ ಇಲಾಖೆಯ ಉಪಕರಣಗಳ ಹೊಣೆ ಹೊತ್ತವರು ಅವರು. ಎವರೆಸ್ಟ್ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ.

ಈ ಥಿಯೋಡೊಲೈಟ್ ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾದಲ್ಲಿ ಉಳಿದಿದೆ. ಅದರ ತಮ್ಮಂದಿರು, ತಂಗಿಯರು ಎಷ್ಟೋ ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕರಗಿಹೋದವು. ಇನ್ನೊಂದು ಕಡೆ, "ಸ್ಟ್ಯಾನ್ಲಿ ಲಂಡನ್ 1885" ಅಂತ ಕೆತ್ತಿದ ಹೊಸ ದಿಕ್ಸೂಚಿಗಳು ಅಲಂಕಾರದ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಅವು ಶೋಕೇಸಿಗೆ ಚೆನ್ನ. ಗುರುತಿಸುವುದು ಸುಲಭ: ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಗೆರೆ ಸಣ್ಣಗೆ, ಒಂದೇ ಸಮ ಇರುತ್ತದೆ. ನಕಲಿಯಲ್ಲಿ ದಪ್ಪ, ಒರಟು. ಅಸಲಿ ಸಿಕ್ಕಿ, ಅದು ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ, ನಮ್ಮ ಪಾಡಿಗೆ ನಾವು ಅದನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ.

ನಿಮ್ಮ ಶಾಲೆಯಲ್ಲೋ, ಅಜ್ಜನ ಅಟ್ಟದಲ್ಲೋ ಇಂಥದ್ದೊಂದು ಇದ್ದರೆ ಮೊದಲು ಅದರ ಪೆಟ್ಟಿಗೆ ಹುಡುಕಿ. ತಯಾರಕರ ಚೀಟಿ, ರಿಪೇರಿ ಮಾಡಿದವರ ಗುರುತು ಹೆಚ್ಚಾಗಿ ಪೆಟ್ಟಿಗೆಯ ಒಳಗೇ ಇರುತ್ತದೆ. ಹಿತ್ತಾಳೆಯ ಮೇಲೆ ಕಾಣುವ ತೆಳು ಕಂದುಬಣ್ಣ ಕೊಳೆ ಇರಲಿಕ್ಕಿಲ್ಲ. ಅದು ತಯಾರಕರೇ ಹಚ್ಚಿದ ಅರಗಿನ ಲೇಪ. ಹುಳಿ ಬಿದ್ದರೆ, ಪಾಲಿಶ್ ಬಿದ್ದರೆ ಅದು ಹೋಗುತ್ತದೆ, ಗೆರೆಯಲ್ಲಿ ತುಂಬಿದ ಕಪ್ಪೂ ಹೋಗುತ್ತದೆ. ಮೆತ್ತನೆ ಬ್ರಷ್ಷಿನಿಂದ ಧೂಳು ಹೊಡೆದರೆ ಸಾಕು. ದುರ್ಬೀನಿನ ಒಳಗೆ ಜೇಡರ ಎಳೆ ಕಂಡರೆ ಬಲೆ ಅಂತ ತೆಗೆಯಬೇಡಿ, ಹಳೇ ಉಪಕರಣಗಳಲ್ಲಿ ಗುರಿ ಹಿಡಿಯುವ ಅಡ್ಡಗೆರೆಯನ್ನು ಜೇಡದ ನೂಲಿನಿಂದಲೇ ಮಾಡುತ್ತಿದ್ದರು.

ಆ ದಿನ ಲ್ಯಾಬಿನಲ್ಲಿ ಇದನ್ನೆಲ್ಲ ಹೇಳಿದಾಗ ಅಟೆಂಡರ್ ಮುಖ ಸಣ್ಣದಾಯಿತು. ಆಮೇಲೆ ಅವರೇ ಬೀರುವಿನ ಮೇಲಿಂದ ಹಳೇ ಮರದ ಪೆಟ್ಟಿಗೆ ಇಳಿಸಿದರು. ಇಬ್ಬರೂ ಸೇರಿ ಉಪಕರಣವನ್ನು ಒರೆಸಿ ಒಳಗೆ ಕೂರಿಸಿದೆವು. ಮುಚ್ಚುವ ಮೊದಲು ಒಂದು ಚೀಟಿ ಬರೆದು ಹಾಕಿದೆವು: ತಾರೀಖು, ಯಾವ ಪಕ್ಕದ ಗೆರೆ ಮಾಸಿದೆ, ಹುಣಸೆಹಣ್ಣಿನಿಂದ ತಿಕ್ಕಿದ್ದು. ಮುಂದಿನ ವರ್ಷದಿಂದ ಅರಿಶಿನ ಕುಂಕುಮ ಪೆಟ್ಟಿಗೆಗೆ ಹಚ್ಚುತ್ತೇವೆ ಅಂದರು ಅವರು.