ಬಿಎಸ್ಸಿ ಮೊದಲ ಸೆಮಿಸ್ಟರಿನ ಪ್ರಾಣಿಶಾಸ್ತ್ರ: ಅಂಕಗಳು ಗ್ರೇಡ್ ಆಗುವ ಬಗೆ

ಪಿಯುಸಿಯಲ್ಲಿ ಥಿಯರಿಗೆ 70, ಪ್ರಾಯೋಗಿಕಕ್ಕೆ 30 ಎಂಬ ನೇರ ಲೆಕ್ಕಕ್ಕೆ ಒಗ್ಗಿಕೊಂಡವರಿಗೆ ಬಿಎಸ್ಸಿಯ ಮೊದಲ ಅಂಕಪಟ್ಟಿಯಲ್ಲಿ ಕಾಣುವ ಕ್ರೆಡಿಟ್ (ಪತ್ರಿಕೆಯ ತೂಕ), ಗ್ರೇಡ್ ಪಾಯಿಂಟ್, ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) ಎಂಬ ಕಾಲಂಗಳು ಗೊಂದಲ ಹುಟ್ಟಿಸುತ್ತವೆ. ಲೆಕ್ಕ ಕಷ್ಟದ್ದಲ್ಲ; ಆದರೆ ಅದನ್ನು ಸೆಮಿಸ್ಟರ್ ಮುಗಿದ ಮೇಲೆ ತಿಳಿದುಕೊಂಡರೆ ಪ್ರಯೋಜನ ಕಡಿಮೆ.

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಆರಂಭವಾದ ಪಠ್ಯಕ್ರಮದಲ್ಲಿ ಥಿಯರಿಯ 100 ಅಂಕಗಳಲ್ಲಿ 60 ಸೆಮಿಸ್ಟರ್ ಪರೀಕ್ಷೆಗೆ, 40 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿದ್ದವು. 2024-25ರಲ್ಲಿ ಮೂರು ವರ್ಷದ ಪದವಿ ಮರಳಿದಾಗ ಇದು 80 ಮತ್ತು 20 ಆಯಿತು. ಸೀನಿಯರುಗಳ ಸಲಹೆಯನ್ನು ಹಾಗೆಯೇ ನಂಬಬಾರದೆಂದು ಹೇಳುವುದು ಈ ಕಾರಣಕ್ಕೇ. ಇಂಟರ್ನಲ್ಸ್ ಚೆನ್ನಾಗಿದ್ದರೆ ಸಾಕು ಎಂಬ ಅವರ ಮಾತು 40 ಅಂಕಗಳ ಕಾಲದ್ದು. ಆಂತರಿಕ ಅಂಕಗಳು ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರುಗಳಿಂದ ಬರುತ್ತವೆ. ಅವು ಎಷ್ಟೇ ಇದ್ದರೂ ಸೆಮಿಸ್ಟರ್ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯಬೇಕೆಂಬ ನಿಯಮ ಸಾಮಾನ್ಯವಾಗಿ ಇರುತ್ತದೆ; ಆ ಕನಿಷ್ಠ ಎಷ್ಟೆಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೇ ನೋಡಿಕೊಳ್ಳಬೇಕು.

ಇನ್ನು ಗ್ರೇಡಿನ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಹತ್ತು ಪಾಯಿಂಟುಗಳ ಮಾದರಿಯಲ್ಲಿ ಓ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ಪಿಗೆ 4 ಪಾಯಿಂಟ್. ಅನುತ್ತೀರ್ಣರಿಗೂ ಗೈರುಹಾಜರಾದವರಿಗೂ ಸೊನ್ನೆ. ಪ್ರತಿ ಪತ್ರಿಕೆಯ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಎಸ್‌ಜಿಪಿಎ ಸಿಗುತ್ತದೆ. ಪ್ರಾಣಿಶಾಸ್ತ್ರದ ಥಿಯರಿಗೆ 4, ಪ್ರಾಯೋಗಿಕಕ್ಕೆ 2 ಕ್ರೆಡಿಟ್ ಇದ್ದು, ಥಿಯರಿಯಲ್ಲಿ 8, ಪ್ರಾಯೋಗಿಕದಲ್ಲಿ 7 ಪಾಯಿಂಟ್ ಬಂದಿದೆ ಎಂದುಕೊಳ್ಳೋಣ. ಆಗ 32ಕ್ಕೆ 14 ಕೂಡಿಸಿ 6ರಿಂದ ಭಾಗಿಸಿದರೆ ಈ ವಿಷಯದ ಮಟ್ಟಿಗೆ 7.67 ಬರುತ್ತದೆ. ಥಿಯರಿ ಒಂದು ಮೆಟ್ಟಿಲು ಏರಿ 9 ಆದರೆ 8.33. ಥಿಯರಿ ಅಲ್ಲೇ ಇದ್ದು ಪ್ರಾಯೋಗಿಕ 7ರಿಂದ 9ಕ್ಕೆ ಏರಿದರೂ ಅದೇ 8.33. ಮೆಟ್ಟಿಲೊಂದಕ್ಕೆ ಶೇಕಡಾ ಹತ್ತು ಎಂದು ಹಿಡಿದರೆ, 100 ಅಂಕಗಳ ಥಿಯರಿಯಲ್ಲಿ ಒಂದು ಮೆಟ್ಟಿಲಿಗೆ ಬೇಕಾದದ್ದು 10 ಅಂಕ, 50 ಅಂಕಗಳ ಪ್ರಾಯೋಗಿಕದಲ್ಲಿ ಎರಡು ಮೆಟ್ಟಿಲಿಗೆ ಬೇಕಾದದ್ದೂ 10 ಅಂಕವೇ. ಅಂದರೆ ಅಂಕ ಎಲ್ಲಿ ಗಳಿಸಿದರೂ ತೂಕ ಒಂದೇ. ಥಿಯರಿಯಲ್ಲಿ ಆ ಹತ್ತು ಅಂಕಕ್ಕೆ ಒಂದು ಇಡೀ ಘಟಕವನ್ನೇ ಓದಬೇಕಾಗಬಹುದು; ಪ್ರಯೋಗಾಲಯದಲ್ಲಿ ಅದು ಬಹುಮಟ್ಟಿಗೆ ಕೈಚಳಕ ಮತ್ತು ಎಚ್ಚರದ ಪ್ರಶ್ನೆ.

ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಕೋಶ ವಿಭಜನೆ) ತೋರಿಸುವ ಪ್ರಯೋಗವನ್ನೇ ನೋಡಿ. ಬೇರಿನ ತುದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದುಗೊಳಿಸಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ ಸ್ವಲ್ಪ ಬಿಸಿ ಮಾಡಿ, ಕವರ್‌ಸ್ಲಿಪ್ಪಿನ ಮೇಲೆ ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಹೆಬ್ಬೆರಳಿನಿಂದ ಒತ್ತಬೇಕು. ಪರೀಕ್ಷಕರು ಕಾರ್ಯವಿಧಾನದ ಬರವಣಿಗೆಗೆ, ಸ್ಲೈಡಿಗೆ, ಗುರುತಿಸಿದ ಹಂತಕ್ಕೆ, ಚಿತ್ರಕ್ಕೆ ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ. ನಾನು ಮೊದಲ ಸಲ ಬೇರಿನ ಉದ್ದ ತುಂಡನ್ನೇ ಕತ್ತರಿಸಿದ್ದೆ. ಒತ್ತಿದಾಗ ವಿಭಜನೆ ನಿಂತುಹೋದ ಉದ್ದನೆಯ ಕೋಶಗಳೇ ಕಣ್ತುಂಬ ಕಂಡವು, ವಿಭಜನೆಯ ನಡುಹಂತವಾದ ಮೆಟಾಫೇಸ್ ಒಂದೂ ಕಾಣಲಿಲ್ಲ. ಆದರೂ ಪುಸ್ತಕದಲ್ಲಿದ್ದ ನಾಲ್ಕೂ ಹಂತಗಳನ್ನು ಅಂದವಾಗಿ ಬಿಡಿಸಿಟ್ಟಿದ್ದೆ. ಮೇಡಂ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿ, ನನ್ನ ಹಾಳೆಯನ್ನೊಮ್ಮೆ ನೋಡಿ, ಅನಾಫೇಸ್ ಎಲ್ಲಿದೆಯೆಂದು ತೋರಿಸು ಎಂದರು. ಕಂಡದ್ದನ್ನಷ್ಟೇ ಬಿಡಿಸಿ, ಕಾಣದ್ದಕ್ಕೆ ಕಾರಣ ಬರೆದಿದ್ದರೆ ಚಿತ್ರದ ಅಂಕಗಳಾದರೂ ಉಳಿಯುತ್ತಿದ್ದವು. ಬೇರಿನ ತುದಿಯ ಒಂದೆರಡು ಮಿಲಿಮೀಟರು ಮಾತ್ರ ಸಾಕು, ಏಕೆಂದರೆ ವಿಭಜಿಸುವ ವರ್ಧನ ಅಂಗಾಂಶ ಇರುವುದು ಅಲ್ಲಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಮೊದಲ ಪ್ರಶ್ನೆಯೂ ಬಹುಪಾಲು ಇದೇ.

ಸ್ಪಾಟರುಗಳಲ್ಲಿ, ಅಂದರೆ ಗುರುತಿಸಲು ಇಟ್ಟ ಮಾದರಿಗಳಲ್ಲಿ, ಗುರುತಿಸುವಿಕೆ ತಪ್ಪಾದರೆ ಅದರ ಕೆಳಗೆ ಬರೆದ ಟಿಪ್ಪಣಿಗೂ ಅಂಕ ಸಿಗುವುದು ಅಪರೂಪ. ವೈಜ್ಞಾನಿಕ ಹೆಸರನ್ನು ಕೈಯಲ್ಲಿ ಬರೆಯುವಾಗ ಕುಲನಾಮ, ಜಾತಿನಾಮಗಳೆರಡಕ್ಕೂ ಬೇರೆ ಬೇರೆ ಅಡಿಗೆರೆ ಎಳೆಯಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸುವುದು ತಪ್ಪು. ರೆಕಾರ್ಡಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ: ವಾರವಾರವೂ ಸಹಿ ಹಾಕಿಸಿಕೊಳ್ಳಿ, ಸರ್ಟಿಫೈ ಆಗದಿದ್ದರೆ ಪರೀಕ್ಷೆಗೆ ಕೂರಿಸುವುದೇ ಕಷ್ಟ.

ಥಿಯರಿ ಉತ್ತರಪತ್ರಿಕೆಯನ್ನು ಮೌಲ್ಯಮಾಪಕರು ಸ್ಕೀಮ್ ಎದುರಿಗಿಟ್ಟುಕೊಂಡು ನೋಡುತ್ತಾರೆ. ಅದರಲ್ಲಿ ವ್ಯಾಖ್ಯಾನ, ಚಿತ್ರ, ಭಾಗಗಳ ಹೆಸರು, ವಿವರಣೆಗಳಿಗೆ ಅಂಕ ಹಂಚಿರುವುದರಿಂದ, ಮೈಟೊಕಾಂಡ್ರಿಯದ ಬಗ್ಗೆ ಎರಡು ಪುಟ ಬರೆದು ಚಿತ್ರ ಬಿಟ್ಟವರಿಗೆ ಚಿತ್ರದ ಪಾಲು ವಿವರಣೆಯಿಂದ ತುಂಬಿಬರುವುದಿಲ್ಲ. ಫಲಿತಾಂಶ ನಿರೀಕ್ಷೆಗಿಂತ ಕಡಿಮೆ ಬಂದರೆ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕುವ ದಾರಿ ಸಾಮಾನ್ಯವಾಗಿ ಇರುತ್ತದೆ, ಆದರೆ ಥಿಯರಿಗೆ ಮಾತ್ರ. ಪ್ರಾಯೋಗಿಕಕ್ಕೆ ಆ ದಾರಿ ಇಲ್ಲ. ನೀವು ಒತ್ತಿಟ್ಟ ಸ್ಲೈಡನ್ನು ಅಟೆಂಡರು ಅಂದೇ ಸಂಜೆ ತೊಳೆದು, ಮರುದಿನದ ಬ್ಯಾಚಿಗೆ ಒರೆಸಿಟ್ಟಿರುತ್ತಾರೆ.