ಫೇಸ್‌ಲಿಫ್ಟ್ ಮತ್ತು ಬೀದಿಯ ಕೊನೇ ಮನೆ

ಅತ್ತಿಗೆಯ ನೈಟಿಗೆ ಸೇಫ್ಟಿ ಪಿನ್ ಹಾಕಿ ಎರಡು ಪ್ಲಾಸ್ಟಿಕ್ ಬುರುಡೆಗಳನ್ನು ನೇತುಹಾಕಿದ್ದರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವು. ಎರಡೂ ಕಿವಿಗಳ ಹಿಂದಿನಿಂದ ಸಣ್ಣ ಕೊಳವೆಗಳು ಇಳಿದು ಬಂದು ಅವಕ್ಕೆ ಸೇರಿದ್ದವು. ಒಳಗೆ ತೆಳ್ಳನೆ ಕೆಂಪು ನೀರು. ರಾತ್ರಿ ಪಾಳಿಯ ನರ್ಸ್ ಬಂದಾಗಲೆಲ್ಲ ಮುಖಕ್ಕಿಂತ ಮೊದಲು ಆ ಬುರುಡೆಗಳನ್ನು ನೋಡುತ್ತಿದ್ದರು, ಎಷ್ಟು ಎಂಎಲ್ ಅಂತ ಬರೆದುಕೊಳ್ಳುತ್ತಿದ್ದರು. ಆಮೇಲೆ ಬಿಪಿ. "ಮುಖದ ಆಪರೇಷನ್‌ಗೆ ಇಷ್ಟು ಸಲ ಬಿಪಿ ಯಾಕಮ್ಮ?" ಅಂತ ಕೇಳಿದೆ. "ಇವತ್ತು ರಾತ್ರಿ ಅದೇ ಮುಖ್ಯ" ಅಂದರು.

ಮಲ್ಲೇಶ್ವರದ ನಮ್ಮ ಅತ್ತಿಗೆಗೆ 58 ವರ್ಷ. ಮಗಳ ಮದುವೆ ವೈಶಾಖದಲ್ಲಿ. "ಒಂದು ತಿಂಗಳು ಮುಂಚೆ ಮಾಡಿಸಿಕೊಂಡರೆ ಸಾಕಲ್ವಾ?" ಅನ್ನುವುದು ಅವರ ಲೆಕ್ಕ. ಡಾಕ್ಟರು ನಕ್ಕು, ದೀಪಾವಳಿ ಮುಗಿಯುತ್ತಿದ್ದಂತೆ ಬನ್ನಿ ಅಂದರು. ಆರು ತಿಂಗಳು ಯಾಕೆ ಬೇಕು ಅಂತ ನನಗೆ ತಿಳಿದದ್ದು ಆ ಬುರುಡೆಗಳ ಪಕ್ಕ ಕೂತ ಮೇಲೆ.

ಫೇಸ್‌ಲಿಫ್ಟ್ ಅಂದರೆ ಚರ್ಮ ಹಿಂದಕ್ಕೆ ಎಳೆದು ಹೊಲಿಯುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮೊದಲು ಹಾಗೇ ಮಾಡುತ್ತಿದ್ದರು. ಆದರೆ ಚರ್ಮ ಹಿಗ್ಗುವ ವಸ್ತು, ಎಳೆದರೆ ಸ್ವಲ್ಪ ದಿನಕ್ಕೆ ಮತ್ತೆ ಸಡಿಲ. ಹೊಲಿಗೆಯ ಮೇಲೆ ಎಳೆತ ಬಿದ್ದು ಗಾಯದ ಗೆರೆಯೂ ಅಗಲವಾಗುತ್ತಿತ್ತು. 1976ರಲ್ಲಿ ಫ್ರಾನ್ಸಿನ ಇಬ್ಬರು ಸರ್ಜನ್‌ಗಳು, ಮಿಟ್ಜ್ ಮತ್ತು ಪೆರೋನಿ, ಕೆನ್ನೆಯ ಕೊಬ್ಬಿನ ಕೆಳಗಿರುವ ಒಂದು ಗಟ್ಟಿ ಪದರವನ್ನು ವಿವರಿಸಿದರು. ಡಾಕ್ಟರುಗಳು ಅದನ್ನು ಸ್ಮಾಸ್ ಅನ್ನುತ್ತಾರೆ. ಕುತ್ತಿಗೆಯ ತೆಳು ಸ್ನಾಯುವಿನ ಜೊತೆ ಅದು ಒಂದೇ ಹಾಳೆಯ ಹಾಗೆ ಸೇರಿಕೊಂಡಿರುತ್ತದೆ. ಈಗ ಬಿಗಿ ಮಾಡುವುದು ಆ ಪದರವನ್ನು. ಚರ್ಮವನ್ನು ಸುಮ್ನೆ ಮೇಲೆ ಹೊದಿಸಿ, ಮಿಕ್ಕಿದ್ದನ್ನು ಕತ್ತರಿಸುತ್ತಾರೆ. ನಮ್ಮ ಟೈಲರ್‌ಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾದೀತು: ರವಿಕೆಯ ಎಳೆತ ಲೈನಿಂಗ್ ಹೊರಬೇಕು, ಮೇಲಿನ ರೇಷ್ಮೆಯಲ್ಲ.

ಆ ಪದರ ಸಿಗಬೇಕಾದರೆ ಕಿವಿಯ ಮುಂದೆ, ಹಿಂದೆ ಕೊಯ್ದು ಕೆನ್ನೆಯ ಚರ್ಮವನ್ನು ಬಿಡಿಸಿ ಎತ್ತಬೇಕು. ತೊಂದರೆ ಶುರುವಾಗುವುದು ಇಲ್ಲಿ. ಚರ್ಮಕ್ಕೆ ರಕ್ತ ಕೆಳಗಿನಿಂದಲೂ ಪಕ್ಕದಿಂದಲೂ ಬರುತ್ತದೆ. ಎತ್ತಿದ ಮೇಲೆ ಕೆಳಗಿನ ದಾರಿ ಬಂದ್. ಮೂಗು, ಬಾಯಿಯ ಕಡೆಯಿಂದ ಹರಿದು ಬರುವ ರಕ್ತವೇ ಕಿವಿಯ ಹಿಂದಿನ ಅಂಚಿನವರೆಗೆ ತಲುಪಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ ನೀರು ಬಿಟ್ಟ ದಿನ ಬೀದಿಯ ಮೊದಲ ಮನೆಯ ಸಂಪು ತುಂಬುತ್ತದೆ, ಕೊನೇ ಮನೆಯವರು ನಲ್ಲಿ ತಿರುಗಿಸಿಕೊಂಡು ಕಾಯುತ್ತಾರೆ. ಕಿವಿಯ ಹಿಂದಿನ ಚರ್ಮ ಆ ಕೊನೇ ಮನೆ.

ಸಿಗರೇಟು ಸೇದುವುದು ಅಂದರೆ ವಾಲ್ವನ್ನು ಅರ್ಧ ಮುಚ್ಚಿದ ಹಾಗೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಗ ಕೊನೇ ಮನೆಯ ಚರ್ಮ ಕಪ್ಪಾಗಿ ಸತ್ತುಹೋಗಬಹುದು. ಫೇಸ್‌ಲಿಫ್ಟ್ ಮಾಡಿಸಿಕೊಂಡವರ ಬಗ್ಗೆ 1984ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಸೇದುವವರಿಗೆ ಈ ಅಪಾಯ ಸುಮಾರು 12 ಪಟ್ಟು ಜಾಸ್ತಿ ಎಂದು ಕಂಡಿತ್ತು. ಹಾಗಾಗಿ ಮುಂಚೆ ಕನಿಷ್ಠ ನಾಲ್ಕು ವಾರ, ಆಮೇಲೂ ಕೆಲವು ವಾರ ಸಿಗರೇಟು ಮುಟ್ಟಬಾರದು ಅನ್ನುತ್ತಾರೆ. ನಿಕೋಟಿನ್ ಚ್ಯೂಯಿಂಗ್ ಗಮ್ ಕೂಡ ನಿಕೋಟಿನ್ನೇ. ನಮ್ಮಣ್ಣ ಬಾಲ್ಕನಿಯಲ್ಲಿ ಸೇದುತ್ತಿದ್ದವನು ಒಂದು ತಿಂಗಳು ಗೇಟಿನ ಹೊರಗೆ ಹೋಗಿ ನಿಲ್ಲಬೇಕಾಯಿತು.

ಬುರುಡೆಗಳ ವಿಷಯಕ್ಕೆ ಬರೋಣ. ಎತ್ತಿ ಹೊದಿಸಿದ ಚರ್ಮದ ಕೆಳಗೆ ಕಾಣದ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ಸೇರುವ ದ್ರವ ಕೊಳವೆಯಲ್ಲಿ ಇಳಿದು ಬರುತ್ತದೆ. ಆದರೆ ಒಂದು ರಕ್ತನಾಳ ಬಿಚ್ಚಿಕೊಂಡು ಜೋರಾಗಿ ಸುರಿಯತೊಡಗಿದರೆ ಆ ಕೊಳವೆ ಸಾಲದು. ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗುತ್ತದೆ, ಚರ್ಮವನ್ನು ಒಳಗಿನಿಂದ ಒತ್ತುತ್ತದೆ, ಮೊದಲೇ ಕಡಿಮೆ ಇದ್ದ ನೀರು ಪೂರ್ತಿ ನಿಂತುಹೋಗುತ್ತದೆ. ಇದನ್ನು ಹೆಮಟೋಮಾ ಅನ್ನುತ್ತಾರೆ. ಈ ಆಪರೇಷನ್‌ನ ಅತಿ ಸಾಮಾನ್ಯ ದೊಡ್ಡ ತೊಂದರೆ ಇದೇ. ನೂರರಲ್ಲಿ ಕೆಲವರಿಗೆ ಆಗುತ್ತದೆ, ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಗಂಡಸರಿಗೆ ಜಾಸ್ತಿ, ಯಾಕಂದರೆ ಗಡ್ಡ ಬೆಳೆಯುವ ಚರ್ಮಕ್ಕೆ ರಕ್ತದ ಹರಿವು ಜಾಸ್ತಿ. ಬಿಪಿ ಏರಿದರೆ ಅಪಾಯವೂ ಏರುತ್ತದೆ. ಕೆಮ್ಮು, ವಾಂತಿ, ತಿಣುಕುವುದು, ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು ಎಲ್ಲವೂ ಒತ್ತಡ ಏರಿಸುತ್ತವೆ. ನರ್ಸ್ ಹೇಳಿದ್ದು ಸರಿಯೇ ಇತ್ತು.

ಒಂದು ಸುಳಿವು ನೆನಪಿಟ್ಟುಕೊಳ್ಳಬೇಕು. ಫೇಸ್‌ಲಿಫ್ಟ್ ಆದಮೇಲೆ ಬಿಗಿತ ಇರುತ್ತದೆ, ಭಯಂಕರ ನೋವು ಇರುವುದಿಲ್ಲ. ಒಂದೇ ಕಡೆ ಇದ್ದಕ್ಕಿದ್ದಂತೆ ನೋವು, ಊತ ಏರುತ್ತಿದ್ದರೆ ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಅಂತ ಮಲಗುವಂತಿಲ್ಲ, ಮತ್ತೆ ಬಿಚ್ಚಿ ರಕ್ತ ತೆಗೆಯಬೇಕು. ಆಸ್ಪತ್ರೆ ಜಯನಗರದಲ್ಲಿ, ಮನೆ ವೈಟ್‌ಫೀಲ್ಡಿನಲ್ಲಿ, ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ಇದ್ದರೆ ಆ ರಾತ್ರಿ ಮನೆಗೆ ಹೋಗದಿರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆಗಳ ಬಗ್ಗೆ ಮೊದಲೇ ಹೇಳಬೇಕು. ಆದರೆ ನೀವೇ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಇನ್ನೂ ದೊಡ್ಡ ಗಂಡಾಂತರ. ಮೀನೆಣ್ಣೆ, ವಿಟಮಿನ್ ಇ ಗುಳಿಗೆಗಳನ್ನು "ಅದೇನು ಔಷಧಿಯಲ್ಲವಲ್ಲ" ಅಂತ ಮುಚ್ಚಿಡುವವರೇ ಜಾಸ್ತಿ. ಅತ್ತಿಗೆಯೂ ಮುಚ್ಚಿಟ್ಟಿದ್ದರು.

ಬೆಳಿಗ್ಗೆ ಡಾಕ್ಟರು ಬಂದು "ಹುಬ್ಬು ಎತ್ತಿ, ಹಲ್ಲು ತೋರಿಸಿ" ಅಂದರು. ಮುಖದ ಸ್ನಾಯುಗಳನ್ನು ಆಡಿಸುವ ನರ ಕಿವಿಯ ಕೆಳಗಿನಿಂದ ಹೊರಟು ಕೆನ್ನೆಯಲ್ಲಿ ಐದು ಕವಲಾಗಿ ಹರಡುತ್ತದೆ, ಅದೂ ಸ್ಮಾಸ್ ಪದರದ ಕೆಳಗೇ. ಹುಬ್ಬಿನ ಕವಲಿಗೆ ಪೆಟ್ಟಾದರೆ ಹುಬ್ಬು ಏಳುವುದಿಲ್ಲ, ದವಡೆಯ ಅಂಚಿನ ಕವಲಿಗಾದರೆ ನಗು ಸೊಟ್ಟ. ಬಹುಪಾಲು ಜನರಿಗೆ ಇದು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆ ಒಬ್ಬರಿಗೆ ಅಂಕಿಅಂಶದಿಂದ ಸಮಾಧಾನವಾಗದು, ಅದು ಬೇರೆ ಮಾತು.

ಮೂರನೇ ದಿನ ಊತ ತುತ್ತತುದಿಗೆ ಏರಿತು. ಐದನೇ ದಿನ ಅತ್ತಿಗೆ ಕನ್ನಡಿ ಮುಂದೆ ಅತ್ತುಬಿಟ್ಟರು. "ಯಾಕಾದರೂ ಮಾಡಿಸಿಕೊಂಡೆನೋ." ಮೊದಲ ವಾರ ಹೀಗೆ ಮನಸ್ಸು ಕುಗ್ಗುವುದು ತೀರಾ ಸಾಮಾನ್ಯ, ಮನೆಯವರಿಗೆ ಗೊತ್ತಿರಬೇಕು. ಮುಖದ ಬಣ್ಣವೂ ದಿನಕ್ಕೊಂದು. ಚರ್ಮದೊಳಗೆ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್ ಆಗುತ್ತದೆ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಇದೇ ಬಿಲಿರುಬಿನ್‌ನಿಂದ. ಮೇಲಿಂದ ಕೆಳಗೆ ಜಾರಿ ಕಲೆಗಳು ಎದೆಯವರೆಗೂ ಬಂದವು. ಎರಡು ಮೂರು ವಾರಕ್ಕೆ ಹೋದವು.

ಪಕ್ಕದ ಮನೆಯವರು ಅರಿಶಿನ ತಂದರು, ನಯವಾಗಿ ಬೇಡ ಅಂದೆವು. ತಾಜಾ ಹೊಲಿಗೆಯ ಮೇಲೆ ಅಡುಗೆಮನೆಯ ಪುಡಿ ಹಾಕುವಂತಿಲ್ಲ. ಮೆತ್ತಗೆ ಬೆಂದ ಅನ್ನ, ಸಾರು, ರಾಗಿ ಗಂಜಿ. ಉಪ್ಪಿನಕಾಯಿ, ಹಪ್ಪಳ ಇಲ್ಲ, ಉಪ್ಪು ಊತ ಹಿಡಿದಿಡುತ್ತದೆ. ಮೂರು ದಿಂಬು ಏರಿಸಿ ಮಲಗುವುದು. ಹೆಲ್ಮೆಟ್ ಸರಿಯಾಗಿ ಒತ್ತುವುದು ಆ ಕೊನೇ ಮನೆಯ ಮೇಲೇ, ಹೀಗಾಗಿ ಸ್ಕೂಟಿ ಎರಡು ತಿಂಗಳು ಕವರಿನೊಳಗೆ ಕೂತಿತು. ಬೆಂಗಳೂರಿನ ತಂಪು ಗಾಳಿಯನ್ನು ನಂಬಿ ಬಿಸಿಲಿಗೆ ಹೋಗುವಂತಿಲ್ಲ. ಇಲ್ಲಿ ಅತಿನೇರಳೆ ಕಿರಣ ಏನೂ ಕಡಿಮೆಯಿಲ್ಲ, ನಮ್ಮ ಕಂದು ಚರ್ಮದಲ್ಲಿ ಹೊಸ ಗಾಯದ ಗೆರೆ ಬೇಗ ಕಪ್ಪಾಗುತ್ತದೆ. ಗಾಯದ ಜಾಗಕ್ಕೆ ಮೂರು ವಾರದಲ್ಲಿ ಮೊದಲಿನ ಐದನೇ ಒಂದು ಭಾಗದಷ್ಟು ಮಾತ್ರ ಬಲ ಬಂದಿರುತ್ತದೆ. ಮೂರು ತಿಂಗಳಿಗೆ ಹೆಚ್ಚೆಂದರೆ 80 ಪರ್ಸೆಂಟ್. ಪೂರ್ತಿ ನೂರು ಎಂದೂ ಬರುವುದಿಲ್ಲ.

ಖರ್ಚಿನ ಬಗ್ಗೆ ಒಂದೇ ಮಾತು. ಡಾಕ್ಟರು ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಅಂದಕ್ಕೆ ಮಾಡಿಸುವ ಆಪರೇಷನ್‌ಗೆ ಇದೆ. ಇನ್ಶೂರೆನ್ಸ್ ಕೂಡ ಕೊಡುವುದಿಲ್ಲ. ಮಾಡುವವರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಪದವಿ ಇದೆಯಾ ಅಂತ ನೋಡಲು ಮಾತ್ರ ಖರ್ಚಿಲ್ಲ.

ಅತ್ತಿಗೆಗೆ ಕೊನೆಗೂ ಉಳಿದದ್ದು ಬಲಗಿವಿಯ ಜೋಮು. ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರ ಕುತ್ತಿಗೆಯ ಪಕ್ಕದಲ್ಲಿ ತೀರಾ ಮೇಲೇ ಹಾಯುತ್ತದೆ. ಫೇಸ್‌ಲಿಫ್ಟ್‌ನಲ್ಲಿ ಜಾಸ್ತಿ ಪೆಟ್ಟು ತಿನ್ನುವ ನರ ಅದೇ. ಜನವರಿಯಲ್ಲಿ ಒಂದು ದಿನ ಗಾಂಧಿ ಬಜಾರಿನಿಂದ ಮನೆಗೆ ಬಂದು ಕನ್ನಡಿ ನೋಡಿದಾಗ ಬಲಗಡೆಯ ಓಲೆ ಇರಲಿಲ್ಲ. ಎಲ್ಲಿ ಬಿತ್ತೋ, ಗೊತ್ತೇ ಆಗಿರಲಿಲ್ಲ. ಪೆಟ್ಟಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಧಾರೆಯ ದಿನ ಅತ್ತಿಗೆ ಚೆನ್ನಾಗಿ ಕಾಣುತ್ತಿದ್ದರು, ಅದನ್ನು ಒಪ್ಪಲೇಬೇಕು. ಯಾರೂ ಏನೂ ಕಂಡುಹಿಡಿಯಲಿಲ್ಲ, "ನಿದ್ದೆ ಚೆನ್ನಾಗಿ ಆಗಿದೆ ಅನ್ಸುತ್ತೆ" ಅಂದರು ಅಷ್ಟೆ. ಊಟದ ಪಂಕ್ತಿಯಲ್ಲಿ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಬಲಗಿವಿ ಚುಮುಚುಮು ಅಂತಿದೆ. ಓಲೆ ಇದೆಯಾ ನೋಡು."

ಇತ್ತು.